ಹ್ಯಾರೋಬಿ ಕಾರಿನ ಹಿತ್ತಾಳೆ ಕೊಕ್ಕರೆ

ಹುಣಸೆಹಣ್ಣನ್ನು ನೀರಿನಲ್ಲಿ ಕಿವುಚಿ ಹಿತ್ತಾಳೆಗೆ ಹಚ್ಚಿ ಉಜ್ಜುವಾಗ ಒಂದು ವಾಸನೆ ಏಳುತ್ತದೆ. ಅದು ಪೂರ್ತಿ ಹುಳಿಯದ್ದಲ್ಲ, ಪೂರ್ತಿ ಲೋಹದ್ದೂ ಅಲ್ಲ. ಮೂಗಿಗಿಂತ ಮೊದಲು ಹಲ್ಲಿಗೆ ತಿಳಿಯುವ ವಾಸನೆ. ನನ್ನ ಮನೆಯಲ್ಲಿ ಹಿತ್ತಾಳೆ ಎಂದು ಉಳಿದಿರುವುದು ಒಂದು ಜೊತೆ ದೀಪ ಮಾತ್ರ. ಅವನ್ನು ಅಂಗಡಿಯ ಪುಡಿಯಲ್ಲೇ ತೊಳೆಸುತ್ತೇನೆ, ಹುಳಿ ಹಾಕಿಸುವುದಿಲ್ಲ. ಯಾಕೆಂದು ಯಾರೂ ಕೇಳಿಲ್ಲ. ಕಳೆದ ತಿಂಗಳು ಒಂದು ಸಂಜೆ ಹೊರಗಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಡುಗೆಮನೆಯಿಂದ ಆ ವಾಸನೆ ಬಂತು. ಪುಡಿ ಮುಗಿದಿತ್ತೆಂದು ಕೆಲಸದ ಸೆಲ್ವಿ ದೀಪಗಳಿಗೆ ಹುಳಿ ಹಚ್ಚಿದ್ದಳು. ನನ್ನ ಕೈಯಲ್ಲಿ ಆಗ ಒಂದು ಮಖಮಲ್ ಪೆಟ್ಟಿಗೆ ಇತ್ತು. ಅದರೊಳಗೆ ಒಂಟಿ ಕಾಲಿನಲ್ಲಿ ನಿಂತ, ಹೆಬ್ಬೆರಳಿನಷ್ಟು ಎತ್ತರದ ಒಂದು ಬೆಳ್ಳಗಿನ ಲೋಹದ ಕೊಕ್ಕರೆ. ಹುಳಿಯ ವಾಸನೆ ಮತ್ತು ಕೊಕ್ಕರೆ, ಎರಡೂ ಒಟ್ಟಿಗೆ ನನ್ನ ಎದುರು ಬರದೆ ಐವತ್ತು ವರ್ಷವಾಗಿತ್ತು. ನಾನು ಅಲ್ಲೇ, ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡದೆ ನಿಂತುಬಿಟ್ಟೆ.

ಪೆಟ್ಟಿಗೆ ಬಂದದ್ದು ಒಂದು ಕಾರಿನ ಬಿಡುಗಡೆ ಸಮಾರಂಭದಿಂದ. ನಾನು ಈ ಊರಿನ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತಳಾದವಳು. ಆದರೂ ಆಹ್ವಾನಿತರ ಪಟ್ಟಿಗಳಿಂದ ನನ್ನ ಹೆಸರನ್ನು ಯಾರೂ ತೆಗೆದಿಲ್ಲ. ಬಂದ ಕರೆಗಳಿಗೆಲ್ಲ ನಾನು ಹೋಗುವುದಿಲ್ಲ. ಇದಕ್ಕೆ ಹೋದದ್ದು ಆ ಕಾರಿನ ಹೆಸರು ನೋಡಿ. ಹ್ಯಾರೋಬಿ. ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಊರಿನಲ್ಲಿ ಸೈಕಲ್ ಮಾಡುತ್ತಿದ್ದ ಅಣ್ಣತಮ್ಮಂದಿರು ಶುರು ಮಾಡಿದ ಕಂಪನಿ. ತಿಂಗಳಿಗೆ ಬೆರಳೆಣಿಕೆಯ ಕಾರುಗಳನ್ನು ಕಟ್ಟುತ್ತಿದ್ದರು. ಪ್ರತಿ ಕಾರಿನ ಮೂತಿಯ ಮೇಲೆ ಒಂಟಿ ಕಾಲಿನ ಒಂದು ಲೋಹದ ಕೊಕ್ಕರೆ, ಅದೇ ಕಂಪನಿಯ ಗುರುತು. ಕೊಳ್ಳುವವರು ಅಲ್ಲಿ ಶ್ರೀಮಂತರು, ಇಲ್ಲಿ ಜಮೀನುದಾರರು ಮತ್ತು ಹೈಕೋರ್ಟಿನ ದೊಡ್ಡ ವಕೀಲರು. ಎರಡನೇ ಮಹಾಯುದ್ಧದ ನಂತರ ಅಂಥ ಕಾರು ಕೊಳ್ಳುವ ಜನ ಕಡಿಮೆಯಾದರು. ಲಾರಿ ಮಾಡುವ ಕಂಪನಿಯೊಂದು ಅದನ್ನು ಕೊಂಡು, ತನ್ನ ಸಾಧಾರಣ ಕಾರುಗಳ ಮೂತಿಗೆ ಕೊಕ್ಕರೆ ಕೂರಿಸಿ ಕೆಲವು ವರ್ಷ ಮಾರಿತು. ಆಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಹೆಸರು ಮಾತ್ರ ಕಾಗದದ ಮೇಲೆ ಒಬ್ಬರಿಂದ ಒಬ್ಬರ ಕೈಗೆ ದಾಟುತ್ತ ಉಳಿಯಿತು. ಈಗ ಅದನ್ನು ಕೊಂಡವರು ಬ್ಯಾಟರಿಯಲ್ಲಿ ಓಡುವ ಕಾರು ತಂದಿದ್ದಾರೆ. ಮೂತಿಯಲ್ಲಿ ಕೊಕ್ಕರೆ ಇದೆ. ಗಾಜಿನ ಹಿಂದೆ, ದೀಪದಲ್ಲಿ ಬರೆದ ಗೆರೆಯಂತೆ. ಮುಟ್ಟಲು ಆಗುವುದಿಲ್ಲ.

ನನ್ನ ಬಾಲ್ಯದಲ್ಲಿ ಅದನ್ನು ಮುಟ್ಟಬಹುದಿತ್ತು. ಇದೇ ಮದ್ರಾಸಿನ ಮೈಲಾಪೂರಿನಲ್ಲಿ ನಮ್ಮ ದೊಡ್ಡಪ್ಪನ ಹೋಟೆಲು, ಅದರ ಬೆನ್ನಿಗೇ ನಮ್ಮ ಮನೆ. ಎರಡಕ್ಕೂ ನಡುವೆ ಕಲ್ಲು ಹಾಸಿದ ಒಂದು ಅಂಗಳ. ಅಂಗಳದ ಒಂದು ಬದಿ ಬಾವಿ, ಬಾವಿಯ ಪಕ್ಕ ಹೋಟೆಲಿನ ಪಾತ್ರೆ ತೊಳೆಯುವ ಕಟ್ಟೆ. ಇನ್ನೊಂದು ಬದಿ ತಗಡಿನ ಮಾಡು, ಮಾಡಿನ ಕೆಳಗೆ ಹ್ಯಾರೋಬಿ. ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ಇದೇ ಮೈಲಾಪೂರಿನ ಬೇರೆಯವರ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಕಾಲದಲ್ಲಿ, ಪ್ರತಿ ಸಂಜೆ ಒಬ್ಬ ವಕೀಲರು ಆ ಕಾರಿನಲ್ಲಿ ಬಂದು ಹೋಟೆಲಿನ ಮುಂದೆ ನಿಲ್ಲಿಸುತ್ತಿದ್ದರಂತೆ. ಇಳಿಯುತ್ತಿರಲಿಲ್ಲ. ಕಾಫಿಯನ್ನು ಕಾರಿನ ಕಿಟಕಿಗೇ ಒಯ್ದು ಕೊಡಬೇಕು. ಕುಡಿದು ಲೋಟ ಹಿಂದೆ ಕೊಡುವ ತನಕ ಬಿಸಿಲಲ್ಲಿ ನಿಂತಿರಬೇಕು. ಹಾಗೆ ನಿಂತಾಗ ದೊಡ್ಡಪ್ಪ ನೋಡುತ್ತಿದ್ದದ್ದು ಕೊಕ್ಕರೆಯನ್ನು. ವಕೀಲರು ತೀರಿಕೊಂಡು ಅವರ ಬಂಗಲೆಯ ಸಾಮಾನು ಮಾರಾಟಕ್ಕೆ ಬಂದಾಗ ಬೇರೆಯವರು ಮೇಜು ಕುರ್ಚಿ ಕೊಂಡರು, ದೊಡ್ಡಪ್ಪ ಕಾರು ಕೊಂಡರು. ನಮ್ಮವರ ಪೈಕಿ ಅಂಥ ಕಾರು ಇಟ್ಟವರು ಆಗ ಮದ್ರಾಸಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ಇದನ್ನು ನಾನು ಪರಿಶೀಲಿಸಿಲ್ಲ.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಹೋಟೆಲಿನ ಒಳ್ಳೆಯ ಕಾಲ ಇಳಿಮುಖವಾಗಿತ್ತು. ಮದುವೆ ಮನೆಗಳಿಗೆ ಅಡುಗೆ ಒಪ್ಪಿಸುವ ಕೆಲಸವೇ ಹೆಚ್ಚಾಗಿತ್ತು. ವ್ಯಾನು ಇರಲಿಲ್ಲ. ಆದ್ದರಿಂದ ಹ್ಯಾರೋಬಿಯ ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಏರಿತು. ಆ ಜಾಗದಲ್ಲಿ ಗೋಣಿ ಹಾಸಿ, ಸಾಂಬಾರಿನ ಕೊಳದಪ್ಪಲೆ, ಅನ್ನದ ಬುಟ್ಟಿ, ಬಾಳೆಲೆಯ ಕಟ್ಟು ಇಟ್ಟು ಮಂಟಪಗಳಿಗೆ ಒಯ್ಯುತ್ತಿದ್ದರು. ದೊಡ್ಡಪ್ಪನೇ ಓಡಿಸುತ್ತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಾಂಬಾರು ಚೆಲ್ಲದ ಹಾಗೆ, ಮೆಲ್ಲಗೆ. ಬಾಗಿಲು ತೆಗೆದರೆ ಹಳೆಯ ಚರ್ಮ, ಪೆಟ್ರೋಲು, ಇಂಗು ಮೂರೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಈಗ ಆ ವಾಸನೆಗೆ ನಾನು ಏನನ್ನಾದರೂ ಕೊಟ್ಟೇನು. ಆಗ ಅದು ನನ್ನ ದೊಡ್ಡ ಸಂಕಟವಾಗಿತ್ತು. ದಾರಿಯಲ್ಲೇ ಆದ್ದರಿಂದ ನನ್ನನ್ನು ಶಾಲೆಗೆ ಬಿಡುತ್ತಿದ್ದದ್ದೂ ಅದೇ ಕಾರು. ಬೀದಿಯವರು ತಮಿಳಿನಲ್ಲಿ ಅದನ್ನು ಕೊಕ್ಕು ಕಾರ್, ಅಂದರೆ ಕೊಕ್ಕರೆ ಕಾರು, ಎನ್ನುತ್ತಿದ್ದರು, ಅದರಲ್ಲಿ ಒಂದು ಮರ್ಯಾದೆ ಇತ್ತು. ನನ್ನ ತರಗತಿಯ ಹುಡುಗಿಯರು ಸಾಂಬಾರ್ ಕಾರ್ ಎನ್ನುತ್ತಿದ್ದರು. ನಾನು ಇಳಿದು ನಡೆಯುವಾಗ ಹಿಂದಿನಿಂದ ಯಾರಾದರೂ ಮೂಗೆಳೆದು, ಇವತ್ತು ಮೋರ್‌ ಕುಳಂಬೋ ವತ್ತಲ್‌ ಕುಳಂಬೋ ಎಂದು ತಮಿಳು ಸಾರುಗಳ ಹೆಸರು ಹಿಡಿದು ಕೇಳುತ್ತಿದ್ದರು. ಶಾಲೆಯ ತಿರುವಿನಲ್ಲೇ ಇಳಿಸಲು ನಾನು ದೊಡ್ಡಪ್ಪನಿಗೆ ಹೇಳತೊಡಗಿದೆ. ಅವರು ಕಾರಣ ಕೇಳಲಿಲ್ಲ, ತಿರುವಿನಲ್ಲೇ ನಿಲ್ಲಿಸಿದರು.

ಪಾತ್ರೆ ಕಟ್ಟೆಯ ಒಡತಿ ಗುಲಾಬಿಯಕ್ಕ. ನಮ್ಮ ಊರಿನ ಕಡೆಯವಳೇ, ಗಂಡ ಇಲ್ಲದವಳು; ದೊಡ್ಡಪ್ಪ ಹೋಟೆಲು ಶುರು ಮಾಡಿದಾಗ ಬಂದು ಸೇರಿದ್ದಳು. ಹಂಡೆ, ಕೊಪ್ಪರಿಗೆ, ಡಬರಿ, ಲೋಟ, ಎಲ್ಲ ಅವಳ ಕೈಯಲ್ಲಿ ಹಾದುಹೋಗಬೇಕು. ಕುಕ್ಕರುಗಾಲಿನಲ್ಲಿ ಕೂತು, ಒಂದು ಕಡೆ ಹುಳಿ, ಒಂದು ಕಡೆ ಇಟ್ಟಿಗೆ ಪುಡಿ, ಮುಷ್ಟಿಯಲ್ಲಿ ತೆಂಗಿನ ನಾರು. ಹಿತ್ತಾಳೆ ಪಾತ್ರೆಯ ಹೊರಮೈಯನ್ನು ಇಡೀ ದೇಹದ ಬಲ ಹಾಕಿ ಉಜ್ಜುವವಳು, ಒಳಮೈಗೆ ಬಂದಾಗ ಬರಿಯ ಬೂದಿ ಮತ್ತು ಅಂಗೈ ಮಾತ್ರ ಬಳಸುತ್ತಿದ್ದಳು. ಒಳಗೆ ಕಲಾಯಿ ಇರುತ್ತಿತ್ತು. ಆ ಬಿಳಿ ಲೇಪ ಹೋದರೆ ಹುಳಿ ಪದಾರ್ಥಕ್ಕೆ ಕಿಲುಬು ಹಿಡಿಯುತ್ತದೆ. ಹೊಸಬರು ಯಾರಾದರೂ ಕಲಾಯಿಗೆ ನಾರು ತಾಗಿಸಿದರೆ, ನಿನ್ನ ಮುಖಕ್ಕೂ ಹೀಗೇ ಉಜ್ಜುತ್ತೀಯಾ ಎಂದು ಕೇಳುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಕೈ ತೊಳೆದು, ಒಣ ಫ್ಲಾನೆಲ್ ಬಟ್ಟೆಯಲ್ಲಿ ಕೊಕ್ಕರೆಯನ್ನು ಒರೆಸಿ ಅದರ ಕಾಲಿನ ಬುಡಕ್ಕೆ ಒಂದು ಚುಕ್ಕೆ ಕುಂಕುಮ ಇಡುವ ಕೆಲಸವೂ ಅವಳದೇ. ದೊಡ್ಡಪ್ಪ ಬೇರೆಯವರಿಗೆ ಅದನ್ನು ಬಿಡುತ್ತಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದ ವರ್ಷ ಹಳೆಯ ಕಾರುಗಳ ಮೆರವಣಿಗೆಯೊಂದು ಏರ್ಪಾಡಾಯಿತು. ಅದನ್ನು ನೋಡಲು ಇಂಗ್ಲೆಂಡಿನಿಂದ ಒಬ್ಬ ಮುದುಕರು ಬರುತ್ತಾರೆ, ಅವರು ಹ್ಯಾರೋಬಿ ಕಾರ್ಖಾನೆಯಲ್ಲೇ ಎಂಜಿನಿಯರ್ ಆಗಿದ್ದವರು ಎಂದು ದೊಡ್ಡಪ್ಪನಿಗೆ ತಿಳಿಯಿತು. ಕಾರ್ಖಾನೆ ಮುಚ್ಚಿದ ಮೇಲೆ ಆ ಮುದುಕರು ಲೋಕದಲ್ಲಿ ಉಳಿದಿರುವ ಹ್ಯಾರೋಬಿಗಳನ್ನು ಹುಡುಕಿ ಒಂದು ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಎಲ್ಲ ಭಾಗಗಳೂ ಮೂಲದವೇ ಆಗಿದ್ದರೆ ಮಾತ್ರ ಪುಸ್ತಕದಲ್ಲಿ ಜಾಗ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಹೋಟೆಲು ಇನ್ನೆಷ್ಟು ದಿನವೋ ಗೊತ್ತಿರಲಿಲ್ಲ. ಆ ಪುಸ್ತಕದಲ್ಲಿ ತನ್ನ ಕಾರು ಸೇರಬೇಕೆಂಬುದು ಅವರಿಗೆ ಹಿಡಿದ ಒಂದೇ ಆಸೆಯಾಯಿತು. ಅಟ್ಟದಿಂದ ಸೀಟು ಇಳಿಯಿತು. ಗೋಣಿ ಹೋಯಿತು. ಎರಡು ವಾರ ಮದುವೆ ಮನೆಗಳ ಸಾಂಬಾರು ಕೈಗಾಡಿಯಲ್ಲಿ ಹೋಯಿತು. ಕೊಕ್ಕರೆಗೆ ಒಣ ಬಟ್ಟೆ ಬಿಟ್ಟು ಬೇರೇನೂ ತಾಗಬಾರದೆಂದು ಅವರು ಮನೆಯ ಎಲ್ಲರಿಗೂ ಹೇಳಿದರು. ನನಗೂ ಹೇಳಿದರು.

ಮೆರವಣಿಗೆಗೆ ನಾಲ್ಕು ದಿನ ಇದ್ದಾಗ, ಬುಧವಾರ ಮಧ್ಯಾಹ್ನ, ಶಾಲೆಗೆ ರಜೆ ಇತ್ತು. ಊಟ ಮುಗಿದು ಮನೆಯವರೆಲ್ಲ ಮಲಗಿದ್ದರು. ಗುಲಾಬಿಯಕ್ಕ ಕಟ್ಟೆಯಲ್ಲಿ ನನಗೆ ಬೆನ್ನು ಹಾಕಿ ಕೊಪ್ಪರಿಗೆ ಉಜ್ಜುತ್ತಿದ್ದಳು. ಕೊಕ್ಕರೆಯ ರೆಕ್ಕೆಯ ಸಂದಿಯಲ್ಲಿ ಕಪ್ಪು ಕಟ್ಟಿದ್ದು ನನಗೆ ಕಂಡಿತು. ನನ್ನ ತರಗತಿಯವರೂ ಮೆರವಣಿಗೆ ನೋಡಲು ಬರುವವರಿದ್ದರು. ಕಾರು ಅವರ ಕಣ್ಣು ಕೋರೈಸಬೇಕು, ಸಾಂಬಾರು ಎಂಬ ಶಬ್ದ ಅವರ ಬಾಯಲ್ಲೇ ಒಣಗಬೇಕು ಎಂದಷ್ಟೇ ನನ್ನ ಲೆಕ್ಕ. ಕಟ್ಟೆಯ ಮೂಲೆಯಿಂದ ಒಂದು ಮುಷ್ಟಿ ಹುಳಿ, ಇಟ್ಟಿಗೆ ಪುಡಿ, ನಾರು ತಂದೆ. ಹೊಳಪು ಬರಿಸುವ ವಿಧಾನ ನಮ್ಮ ಅಂಗಳದಲ್ಲಿ ಬೇರೆ ಯಾವುದೂ ಇರಲಿಲ್ಲ; ಅದನ್ನೇ ನೋಡಿ ಬೆಳೆದಿದ್ದೆ. ಮೊದಲು ಕಪ್ಪು ಹೋಯಿತು. ನಂತರ ಬಿಳಿಯ ಕೆಳಗಿನಿಂದ ಹಳದಿ ಕಂಡಿತು. ಚಿನ್ನವೇ ಸಿಕ್ಕಿತೆಂದು ಹಿಗ್ಗಿ ಇನ್ನೂ ಉಜ್ಜಿದೆ. ಕೊಕ್ಕು, ಕತ್ತು, ಎದೆ ಎಲ್ಲ ಹಳದಿಯಾಯಿತು. ಅದು ಐವತ್ತು ವರ್ಷದ ಒರೆಸುವಿಕೆಯಲ್ಲಿ ಸವೆದು ತೆಳುವಾಗಿದ್ದ ನಿಕ್ಕಲ್ ಲೇಪನ, ಕೆಳಗಿದ್ದದ್ದು ಹಿತ್ತಾಳೆ ಎಂದು ನನಗೆ ಗೊತ್ತಾದದ್ದು ಸಂಜೆ, ದೊಡ್ಡಪ್ಪನ ಮುಖ ನೋಡಿದಾಗ.

ಅವರು ಕೂಗಲಿಲ್ಲ. ಕಾಫಿ ಲೋಟ ಬಾನೆಟ್ಟಿನ ಮೇಲೆ ಇಟ್ಟು, ಕೊಕ್ಕರೆಯನ್ನು ಮೂಸಿ ನೋಡಿದರು. ಯಾರು ಹುಳಿ ಹಾಕಿದ್ದು ಎಂದು ಕೇಳಿದರು. ಮನೆಯವರ ಕಣ್ಣೆಲ್ಲ ಕಟ್ಟೆಯ ಕಡೆ ತಿರುಗಿತು, ಹುಳಿ ಇರುತ್ತಿದ್ದದ್ದು ಅಲ್ಲಿ. ದೊಡ್ಡಪ್ಪ ನನ್ನನ್ನು ನೋಡಿ, "ಮಧ್ಯಾಹ್ನ ನೀನು ಅಂಗಳದಲ್ಲಿ ಇದ್ದಿಯಲ್ಲ ಮಗಾ, ಎಂತ ಕಂಡಿದ್ದಿ?" ಎಂದರು.

"ಗುಲಾಬಿಯಕ್ಕ ಕೂತು ಹುಳಿ ಹಾಕಿ ಉಜ್ಜುತ್ತಾ ಇದ್ದದ್ದು ಕಂಡೆ" ಎಂದೆ.

ಈ ವಾಕ್ಯವನ್ನು ನಾನು ಅನೇಕ ಸಲ ಬಿಡಿಸಿ ನೋಡಿದ್ದೇನೆ. ಅದರಲ್ಲಿ ಸುಳ್ಳಾದ ಒಂದು ಶಬ್ದವೂ ಇಲ್ಲ. ಗುಲಾಬಿಯಕ್ಕ ಕೂತಿದ್ದಳು, ಹುಳಿ ಹಾಕಿದ್ದಳು, ಉಜ್ಜುತ್ತಿದ್ದಳು. ಏನನ್ನು ಉಜ್ಜುತ್ತಿದ್ದಳೆಂದು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮುಂದೆ ಪತ್ರಿಕೆಯಲ್ಲಿ ಇಂಥ ವಾಕ್ಯಗಳನ್ನು ಹಿಡಿಯುವುದೇ ನನ್ನ ಉದ್ಯೋಗವಾಯಿತು. ನಾನು ಚೆನ್ನಾಗಿ ಹಿಡಿಯುತ್ತೇನೆಂದು ಹೆಸರೂ ಬಂತು. ಆ ಕಲೆಯನ್ನು ಎಲ್ಲಿ ಕಲಿತೆನೆಂದು ಯಾರಿಗೂ ಹೇಳಿರಲಿಲ್ಲ.

ಗುಲಾಬಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೊಕ್ಕರೆಯನ್ನು ನೋಡಿದಳು. "ನಾನಲ್ಲ ರಾಯರೇ. ಇದಕ್ಕೆ ಹೊಡೆದದ್ದು ಕಲಾಯಿಯ ಹಾಗಿನದ್ದೇ ಅಲ್ವಾ? ಕಲಾಯಿಗೆ ಇಟ್ಟಿಗೆ ಪುಡಿ ಹಾಕುವವಳಾ ನಾನು?" ಎಂದಳು. ಆ ಮಾತಿನ ಬೆಲೆ ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ದೊಡ್ಡಮ್ಮ, ಮಗು ಸುಳ್ಳು ಹೇಳ್ತದಾ ಎಂದರು. ದೊಡ್ಡಪ್ಪ ಗುಲಾಬಿಯಕ್ಕನಿಗೆ, ಇನ್ನು ನೀನು ಕಾರಿನ ಹತ್ತಿರ ಹೋಗುವುದು ಬೇಡ ಎಂದಷ್ಟೇ ಹೇಳಿ ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಕರೆದಾಗ ನಾನು ಕಟ್ಟೆ ದಾಟಿ ಹೋಗಬೇಕಿತ್ತು. ಗುಲಾಬಿಯಕ್ಕ ಚೊಂಬಿನಲ್ಲಿ ನೀರು ತೆಗೆದು ನನ್ನ ಮುಂದೆ ಹಿಡಿದಳು. "ಕೈ ತೊಳ್ಕೊ. ಉಗುರಲ್ಲಿ ಇಟ್ಟಿಗೆ ಪುಡಿ ಉಂಟು." ಅವಳ ಸ್ವರ ದಿನದ ಹಾಗೇ ಇತ್ತು. ನಾನು ತೊಳೆದುಕೊಂಡೆ. ಅವಳು ಅದನ್ನು ದೊಡ್ಡಪ್ಪನಿಗೆ ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಊಹಿಸಿ ಬರೆಯುವುದು ಸರಿಯಲ್ಲ. ಮರುದಿನ ಅವಳು ಊರಿಗೆ ಹೋಗುತ್ತೇನೆಂದು ದೊಡ್ಡಮ್ಮನಿಗೆ ತಿಳಿಸಿದಳು. ಭಾನುವಾರ ಸಂಜೆಯ ಮಂಗಳೂರು ರೈಲು. ಯಾರೂ ತಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕಡಲ ದಂಡೆಯ ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಇಂಗ್ಲಿಷ್ ಮುದುಕರು ಹ್ಯಾಟು ತೆಗೆದು ನಮ್ಮ ಹ್ಯಾರೋಬಿಯ ಮುಂದೆ ಬಗ್ಗಿದರು. ದೊಡ್ಡಪ್ಪ ತಮಗೆ ಬರುವ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು; ಕೆಲಸದವಳು ತಿಳಿಯದೆ ಉಜ್ಜಿಬಿಟ್ಟಳು ಎಂದರು. ಮುದುಕರು ಕನ್ನಡಕ ಹಾಕಿಕೊಂಡು ಕೊಕ್ಕರೆಯ ಎದೆಯನ್ನು ಬಹಳ ಹೊತ್ತು ನೋಡಿದರು. ನೆಟ್ಟಗಾದಾಗ ಅವರು ನಗುತ್ತಿದ್ದರು. ಮೊದಲ ವರ್ಷಗಳಲ್ಲಿ ಮಾತ್ರ ಕೊಕ್ಕರೆಯನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯುತ್ತಿದ್ದರಂತೆ. ಆಮೇಲಿನವೂ ನಕಲಿಗಳೂ ಅಗ್ಗದ ಬಿಳಿ ಲೋಹದವು. ಲೇಪನ ಇದ್ದರೆ ಎರಡೂ ಒಂದೇ ತೆರ ಕಾಣುತ್ತವೆ. ಈ ಹಳದಿಯೇ ಇದು ಮೂಲದ್ದೆಂಬುದಕ್ಕೆ ಸಾಕ್ಷಿ ಎಂದರು. ಜೇಬಿನಿಂದ ಪುಸ್ತಕ ತೆಗೆದು, ದೊಡ್ಡಪ್ಪನ ಹೆಸರಿನ ಅಕ್ಷರಗಳನ್ನು ಕೇಳಿ ಕೇಳಿ ಬರೆದುಕೊಂಡರು. ನನ್ನ ತರಗತಿಯವರು ಆ ಹೊತ್ತಿಗೆ ಐಸ್‌ಕ್ರೀಮ್ ಕೊಳ್ಳಲು ಹೋಗಿದ್ದರು.

ಮನೆಗೆ ಬರುವಾಗ ನಡು ಮಧ್ಯಾಹ್ನ ಕಳೆದಿತ್ತು. ದೊಡ್ಡಪ್ಪ ನೇರ ಕಟ್ಟೆಗೆ ಹೋದರು, ಗುಲಾಬಿಗೆ ಹೇಳಬೇಕು ಎನ್ನುತ್ತ. ಕಟ್ಟೆ ಒಣಗಿತ್ತು. ಅವಳು ಟ್ರಂಕು ಎತ್ತಿಕೊಂಡು ಆಗಲೇ ಸೆಂಟ್ರಲ್ ಸ್ಟೇಷನ್ನಿಗೆ ಹೊರಟಿದ್ದಳು. ಛೆ, ಕಾಗದ ಬರೆದು ಕರೆಸಿಕೊಳ್ಳುವಾ, ಅವಳ ಕೈ ಗುಣದಿಂದಲೇ ಆಯ್ತಲ್ಲ ಇದು ಎಂದು ದೊಡ್ಡಪ್ಪ ದೊಡ್ಡಮ್ಮನೊಡನೆ ನಗುತ್ತ ಹೇಳಿದರು. ಹೊಗಳಿಕೆ ಅವಳಿಗೆ ಹೋಗುತ್ತಿತ್ತು. ನಾಲ್ಕು ದಿನ ಹೇಳದೆ ಇಟ್ಟುಕೊಂಡಿದ್ದ ಮಾತು ಆ ಕ್ಷಣ ಸಲೀಸಾಗಿ ಹೊರಬಂತು. ಉಜ್ಜಿದ್ದು ನಾನು ದೊಡ್ಡಪ್ಪ ಎಂದೆ. ಬೈಗುಳ ಇದ್ದಾಗ ಹೇಳದ ಸತ್ಯವನ್ನು ಬಹುಮಾನ ಕಂಡಾಗ ಹೇಳಿದೆ. ಸುಳ್ಳಿಗಿಂತ ನನಗೆ ಇದೇ ಇಂದಿಗೂ ಹೆಚ್ಚು ನಾಚಿಕೆಯ ವಿಷಯ.

ದೊಡ್ಡಪ್ಪನ ನಗು ನಿಂತಿತು. ಅವರು ಕಾರಿನ ಕೀಲಿ ತೆಗೆದುಕೊಂಡು, ಹತ್ತು ಎಂದರು. ಮೆರವಣಿಗೆಯ ನಂಬರು ಬರೆದ ಕಾಗದ ಇನ್ನೂ ಗಾಜಿಗೆ ಅಂಟಿತ್ತು. ದಾರಿಯುದ್ದಕ್ಕೂ ಜನ ನಿಂತು ನೋಡಿದರು, ಕೆಲವರು ಕೈ ಬೀಸಿದರು. ನಾನು ಎಂದೋ ಬಯಸಿದ್ದ ಸವಾರಿ ಅದು. ಇಂಗಿನ ವಾಸನೆಯೂ ಇರಲಿಲ್ಲ. ರೈಲು ಪ್ಲಾಟ್‌ಫಾರಮ್ಮಿಗೆ ಬಂದು ನಿಂತಿತ್ತು. ಗುಲಾಬಿಯಕ್ಕ ಕಿಟಕಿಯ ಪಕ್ಕ ಕೂತಿದ್ದಳು. ದೊಡ್ಡಪ್ಪ ಮೊದಲು ಹೋಗಿ ಒಂದು ಕಾಫಿ ತಂದರು. ಅದನ್ನು ಕಿಟಕಿಯ ಸರಳುಗಳ ನಡುವೆ ಅವಳಿಗೆ ಕೊಟ್ಟು, ಅವಳು ಕುಡಿಯುವ ತನಕ ಹೊರಗೆ ಕೈಕಟ್ಟಿ ನಿಂತರು. ತನ್ನಿಂದ ತಪ್ಪಾಯ್ತು, ಇಳಿದು ಬಾ ಎಂದು ಮೆಲ್ಲಗೆ ಹೇಳಿದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಹೇಳು ಮಗಾ" ಎಂದರು.

ನಾನು ಹೇಳಲಿಲ್ಲ. ಕಾಲ ಹೆಬ್ಬೆರಳನ್ನು ನೋಡುತ್ತಿದ್ದೆ. ಎರಡು ಶಬ್ದ ಸಾಕಿತ್ತು. ಗುಲಾಬಿಯಕ್ಕ ಕಾದಳು, ಅವಳು ಕಾದದ್ದು ನನಗೆ ಗೊತ್ತು. ಆಮೇಲೆ ಲೋಟವನ್ನು ದೊಡ್ಡಪ್ಪನ ಕೈಗೆ ಕೊಟ್ಟು, "ಬಿಡಿ ರಾಯರೇ. ನೀವು ಇಷ್ಟು ದೂರ ಬಂದಿರಿ, ಸಾಕು. ನನ್ನ ಮಾತು ನಿಲ್ಲದ ಕಡೆ ನನ್ನ ಕೈ ಓಡ್ಲಿಕ್ಕಿಲ್ಲ" ಎಂದಳು. ರೈಲು ಹೊರಟಿತು. ದೊಡ್ಡಪ್ಪ ಆ ಖಾಲಿ ಲೋಟ ಹಿಡಿದು ಸ್ವಲ್ಪ ದೂರ ಅದರ ಜೊತೆ ನಡೆದರು.

ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಕೊಕ್ಕರೆಗೆ ಮರಳಿ ಲೇಪನ ಹಾಕಿಸಲೂ ಇಲ್ಲ. ಶುಕ್ರವಾರಗಳಲ್ಲಿ ತಾವೇ ಒರೆಸಿ ಕುಂಕುಮ ಇಡುತ್ತಿದ್ದರು. ಸೀಟು ಮತ್ತೆ ಅಟ್ಟಕ್ಕೆ ಹೋಯಿತು, ಕೊಳದಪ್ಪಲೆಗಳು ಬಂದವು. ಶಾಲೆಯ ಗೇಟಿನ ತನಕವೇ ಬಿಡಿ ಎಂದು ನಾನು ಕೇಳಿದೆ, ಅವರು ಬಿಟ್ಟರು. ಗುಲಾಬಿಯಕ್ಕನ ಊರಿಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಹೋಗಿ ಹುಡುಕಿದೆ. ಅವಳು ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ದೊಡ್ಡಪ್ಪನ ನಂತರ ಹೋಟೆಲು ಮುಚ್ಚಿತು. ಕಾರು ಸೌಕಾರ್‌ಪೇಟೆಯ ಒಬ್ಬರ ಪಾಲಾಗಿ ಕೆಲವು ಕಾಲ ಮದುಮಕ್ಕಳ ಸವಾರಿಗೆ ಓಡಿತು, ಆಮೇಲೆ ಅಂಬತ್ತೂರಿನ ಒಂದು ಷೆಡ್ಡಿನಲ್ಲಿ ಇದೆಯೆಂದು ಕೇಳಿದೆ. ಹೋಗಿ ನೋಡಿದಾಗ ಷೆಡ್ಡು ಇತ್ತು, ಕಾರು ಇರಲಿಲ್ಲ. ಬಾವಿ, ಕಟ್ಟೆ, ತಗಡಿನ ಮಾಡು ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಫ್ಲಾಟುಗಳಿವೆ. ಅಂಗಳದ ಕಲ್ಲು ಹಾಸು ಎಲ್ಲಿ ಮುಗಿಯುತ್ತಿತ್ತೆಂದು ನನಗೇ ಗುರುತು ಸಿಗುವುದಿಲ್ಲ.

ಕಳೆದ ತಿಂಗಳ ಸಮಾರಂಭದಲ್ಲಿ, ಭಾಷಣಗಳ ನಂತರ, ಹೊಸ ಮಾಲೀಕರು ತಮ್ಮ ಕಂಪನಿಯ ಚರಿತ್ರೆಯನ್ನು ಒಂದು ಗೋಡೆಯ ಮೇಲೆ ಪ್ರದರ್ಶಿಸಿದ್ದರು. ಆ ಮುದುಕರ ಪುಸ್ತಕದ ಪುಟಗಳೂ ಅಲ್ಲಿದ್ದವು, ಬೆರಳು ತಾಗಿಸಿದರೆ ದೊಡ್ಡದಾಗುವ ಹಾಗೆ. ಮದ್ರಾಸ್ ಎಂದು ಹುಡುಕಿದೆ. ದೊಡ್ಡಪ್ಪನ ಹೆಸರು ಸಿಕ್ಕಿತು. ಅದರ ಕೆಳಗೆ, ಅದೇ ಇಳಿಜಾರು ಅಕ್ಷರದಲ್ಲಿ: ಕೊಕ್ಕರೆ ಹಿತ್ತಾಳೆಯದ್ದು, ಮೂಲದ್ದು, ಲೇಪನ ಹೋಗಿರುವುದು ಕೆಲಸದವಳ ಅಜ್ಞಾನದಿಂದ.

ಇದನ್ನು ತಿದ್ದಲು ಯಾರನ್ನು ಕೇಳಬೇಕೆಂದು ಅಲ್ಲಿ ನಿಂತಿದ್ದ ಹುಡುಗಿಯನ್ನು ವಿಚಾರಿಸಿದೆ. ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿದೆಯಾ ಮೇಡಂ ಎಂದಳು. ಇಲ್ಲ ಎಂದೆ. ಅದು ಹಳೆಯ ದಾಖಲೆ, ಹಾಗೇ ಇಡುವುದು ನಿಯಮ ಎಂದು ಹೇಳಿ, ನನ್ನ ಕೈಗೆ ಮಖಮಲ್ ಪೆಟ್ಟಿಗೆ ಕೊಟ್ಟಳು.

ಪತ್ರಿಕೆಯಲ್ಲಿ ಕೊನೆಯ ಹಲವು ವರ್ಷ ಪ್ರತಿದಿನ ಎರಡನೇ ಪುಟದ ಮೂಲೆಯಲ್ಲಿ ತಿದ್ದುಪಡಿಗಳನ್ನು ಬರೆಯುತ್ತಿದ್ದವಳು ನಾನು. ತಪ್ಪು ಎಲ್ಲಿ ಅಚ್ಚಾಯಿತೋ ಅಲ್ಲೇ ತಿದ್ದಬೇಕೆಂಬುದು ಆ ಕೆಲಸದ ಮೊದಲ ಕಟ್ಟಳೆ. ಅದು ಆಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಮೈಲಾಪೂರಿನ ಹ್ಯಾರೋಬಿ ಕಾರಿನ ಕೊಕ್ಕರೆಯ ಲೇಪನ ಕೆಲಸದವಳ ಅಜ್ಞಾನದಿಂದ ಹೋಯಿತೆಂದು ದಾಖಲಾಗಿದೆ. ಅದು ತಪ್ಪು. ಅದನ್ನು ಉಜ್ಜಿ ತೆಗೆದವಳು ನಾನು. ಲೇಪನಕ್ಕೆ ಇಟ್ಟಿಗೆ ಪುಡಿ ತಾಗಿಸಬಾರದೆಂದು ಆ ಮನೆಯಲ್ಲಿ ಬಲ್ಲವಳು ಇದ್ದದ್ದು ಒಬ್ಬಳೇ. ಅವಳ ಹೆಸರು ಗುಲಾಬಿ.